ವಜೀರನ ಸಮೋಸ

ಅಮೆರಿಕಕ್ಕೆ ಪ್ರವಾಸ ಬಂದ ನನಗೆ ಸಮೋಸ ಕಾಯುವ ಕೆಲಸ ಒಪ್ಪಿಸಿದ್ದು ಸಮೀನಾಳ ತಪ್ಪು. ಕಾಯದೆ ತಿಂದದ್ದು ಮಾತ್ರ ನನ್ನದು. ಬೀದರಿನ ಈ ಗೆಳತಿ ಇಂದು ಸ್ಯಾನ್ ಡಿಯಾಗೊದ ವಿಶ್ವವಿದ್ಯಾಲಯದಲ್ಲಿ, ತಮ್ಮೂರಿನಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರನ ಕುರಿತು ಮಾತಾಡಬೇಕಿತ್ತು. ಪುಕ್ಕಟೆ ತಿಂಡಿಯಿಲ್ಲದ ಉಪನ್ಯಾಸಕ್ಕೆ ಇಲ್ಲಿನ ವಿದ್ಯಾರ್ಥಿಗಳು ಕೂರುವುದಿಲ್ಲವೆಂದು ದಾರಿಯಲ್ಲಿ ಸಿಗುವ ಆರ್ಟೀಸಿಯಾ ಊರಿನ ಭಾರತೀಯ ಅಂಗಡಿಯಲ್ಲಿ ಒಂದು ಡಬ್ಬಿ ಪುಟ್ಟ ಸಮೋಸ ಕೊಂಡಿದ್ದಳು.

ದಾರಿಯುದ್ದಕ್ಕೂ ಟ್ರಾಫಿಕ್. ಅವಳು ಡ್ರೈವ್ ಮಾಡುತ್ತಲೇ ಭಾಷಣ ಒಪ್ಪಿಸಿದಳು: ವಜೀರ ಗ್ರಂಥಾಲಯ ಕಟ್ಟಿಸಿದ, ವಿದ್ಯಾರ್ಥಿಗಳಿಗೆ ಊಟ, ಬಟ್ಟೆ ಕೊಟ್ಟ, ತಾನು ಮಾತ್ರ ಚಾಪೆಯ ಮೇಲೆ ಮಲಗಿದ. ನಾನು ಕಂಪನಿ ನಾಟಕದ ಗಂಟಲಲ್ಲಿ “ಯಾರಲ್ಲಿ! ಮಿನಾರು ಏಳಲಿ!” ಎಂದು ಅಪ್ಪಣೆ ಕೊಡುತ್ತ ಹೋದೆ. ಅಪ್ಪಣೆಗೊಂದು ಸಮೋಸ.

ಸಭಾಂಗಣಕ್ಕೆ ಬಂದ ಹುಡುಗರು ಮುಚ್ಚಳ ತೆಗೆದು, ತಳದಲ್ಲಿದ್ದ ಪುಡಿ ನೋಡಿ, ಬಾಗಿಲ ಕಡೆ ತಿರುಗಿದರು. ಸಮೀನಾಳ ಮುಖ ಬಾಡಿತು. ನಾನು ಕುರ್ಚಿ ಹತ್ತಿ, ಅದೇ ಗಂಟಲಲ್ಲಿ, ಹರಕು ಇಂಗ್ಲಿಷಿನಲ್ಲಿ, ವಜೀರನೇ ಬಂದಿದ್ದೇನೆ, ಕೂತು ಕೇಳಿ ಎಂದು ಗರ್ಜಿಸಿದೆ. ಅವರು ನಕ್ಕು ಕೂತರು.

“ನೋಡಿದ್ಯಾ? ವಜೀರ ಸಭೆ ಉಳಿಸಿದ!” ಎಂದು ಬೀಗಿದೆ.

ಸಮೀನಾ ಮೈಕ್ ಕೈಗೆತ್ತಿಕೊಂಡಳು. “ಇಳಿಯೋ ಕೆಳಗ. ವಜೀರ್ ಸಾಹೇಬ್ರು ಹುಡುಗ್ರಿಗಿ ಊಟ ಹಾಕ್ಸ್ಯಾರ, ಹುಡುಗ್ರ ಊಟ ತಿಂದಿಲ್ಲ.”