ಕರಡಿ ಎಳೆದ ಜಿಂಕೆ

ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ. ನಾರ್ತ್ ಕ್ಯಾರೊಲಿನಾದ ಬೆಟ್ಟದಲ್ಲಿ, ಓಕ್ ಮರಕ್ಕೆ ಬಿಗಿದ ಅಟ್ಟಣೆಯ ಮೇಲೆ ಬೆಳಗಿನಿಂದ ಕೂತಿದ್ದೆವು. ಬಿಲ್ಲು ಹಿಡಿದವನು ಫೋರ್ಟ್ ಮಿಲ್ ಊರಿನ ಗೆಳೆಯ ಬೋಪಣ್ಣ. ಮೊಟ್ಟೆಯನ್ನೂ ಮುಟ್ಟದ ನಾನು ಬರೀ ನೋಡಲು ಬಂದವನು. ಜಿಂಕೆ ಕಂಡ ಕೂಡಲೇ 'ಓಡಿಹೋಗು ತಾಯಿ' ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಷ್ಟರಲ್ಲಿ ಬಾಣ ನಾಟಿತು. ಸ್ವಲ್ಪ ದೂರ ಓಡಿದ ಜಿಂಕೆ ಕಣ್ಣೆದುರೇ ಉರುಳಿತು.

ಇಳಿಯಲು, ಬೀಳದಂತೆ ಮರಕ್ಕೆ ಬಿಗಿದುಕೊಂಡಿದ್ದ ಬೆಲ್ಟು ಬಿಚ್ಚಹೊರಟೆ. ಬೋಪಣ್ಣ ತೋಳು ಹಿಡಿದ.

"ತಡಿ ಮಾರಾಯ, ಅರ್ಧ ಗಂಟೆ ವೇಟ್ ಮಾಡ್ಬೇಕು. ಜೀವ ಇದ್ರೆ ನಮ್ಮನ್ನ ನೋಡಿ ಎದ್ದು ಓಡುತ್ತೆ."

ಈ ನಿಯಮ ಕರಡಿಗೆ ಗೊತ್ತಿರಬೇಕಲ್ಲ! ಪೊದೆ ಸರಿಸಿಕೊಂಡು ಬಂದೇ ಬಿಟ್ಟಿತು, ಕರ್ರಗೆ, ನಮ್ಮ ಮನೆಯ ಫ್ರಿಜ್ಜಿನಷ್ಟು ದಪ್ಪ. ಜಿಂಕೆಯ ಕುತ್ತಿಗೆಗೆ ಬಾಯಿ ಹಾಕಿ ದರದರ ಎಳೆಯತೊಡಗಿತು. ನನಗೇನಾಯಿತೋ, ಬೆಲ್ಟು ಜಗ್ಗುವಂತೆ ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ:

"ಏಯ್! ಬಿಡೋ ಅದನ್ನ! ಅದು ನಮ್ದು!"

ಕರಡಿ ಬೆಚ್ಚಿ ತಲೆಯೆತ್ತಿತು. ಜಿಂಕೆಯನ್ನು ಅಲ್ಲೇ ಬಿಟ್ಟು ಕಾಡೊಳಗೆ ಓಟ ಕಿತ್ತಿತು.

ಬೋಪಣ್ಣ ನಿಧಾನವಾಗಿ ನನ್ನ ಕಡೆ ತಿರುಗಿದ.

"ನಮ್ದಾ?" ಎಂದ.