ಶತಾವರಿಗೆ ಕಬ್ಬಿನ ನೀರು

ಹೊಳೆಯಿಂದ ನೀರೆತ್ತುವ ಪಂಪಿನ ಗುಡುಗುಡು ನೆನಪಾದರೆ ನನಗೆ ಈಗಲೂ ಸಿಟ್ಟು. ಬೆಳೆ ಅಂದರೆ ಕಬ್ಬು, ಕಬ್ಬು ಅಂದರೆ ನೀರು: ಸದಲಗಾದ ನನ್ನ ಮೈದುನನ ಟೋಟಲ್ ನಾಲೆಡ್ಜ್ ಇಷ್ಟೇ. ಶತಾವರಿಗೆ ಮರಳು ಬೆರೆತ ಮಣ್ಣು, ಹಬ್ಬಲು ಕೋಲು, ಬೇರು ದಪ್ಪವಾಗಲು ಎರಡು ವರ್ಷದ ಪೇಷೆನ್ಸ್ ಬೇಕು. ಬುಡದಲ್ಲಿ ನೀರು ನಿಲ್ಲಲೇಬಾರದು. ನಾನು ಕಣ್ಣಿನ ಆಪರೇಷನ್ನಿಗೆ ಮಿರಜಿಗೆ ಹೋದ ವಾರ ಈ ಜಾಣ ದಿನಾಲೂ ನನ್ನ ಶತಾವರಿ ಮಡಿಗೆ ನೀರು ತಿರುಗಿಸಿದ್ದ. ವಾಪಸ್ ಬಂದು ನೋಡಿದರೆ ಬೇರುಗಳೆಲ್ಲ ಕೊಳೆತು ನಾರುತ್ತಿದ್ದವು.

“ನೀರಿಲ್ದ ಯಾವ ಪೀಕ ಬರ್ತೈತ್ರಿ, ವೈನಿ?”

“ಇದನ್ನೂ ಕಬ್ಬ ಅಂತ ತಿಳದಿ ಏನೋ, ಈಡಿಯಟ್?”

ಕೆಸರಿನಲ್ಲಿ ನಿಂತೇ ಕೊಳೆತ ಬೇರನ್ನು ಮೂಸಿ ನೋಡಿ, “ಮತ್ತ ಸಸಿ ಹಚ್ಚೂಣ್ರಿ,” ಅಂದ. ನಾನು ಅವತ್ತೇ ಮಗಳ ಊರಿನ ಬಸ್ಸು ಹತ್ತಿದೆ. ನಾನು ತಿರುಗಿ ಬರುವಷ್ಟರಲ್ಲಿ ಅವನು ತೀರಿಕೊಂಡಿದ್ದ. ಅವನನ್ನು ಕಡೆಯ ಸಲ ನೋಡಿದ್ದು ಆ ಕೆಸರಿನಲ್ಲೇ.