ಜುಬೇದಾ ಟೀಚರ ಮೂರನೆಯ ಪಿರಿಯಡ್

ಗೆಳೆಯರೇ, ಕಾಪುವಿನ ನಮ್ಮ ಶಾಲೆಯ ವೇಳಾಪಟ್ಟಿಯನ್ನು ಇನ್ನು ಕಂಪ್ಯೂಟರ್ ತಯಾರಿಸಲಿದೆ. ಈ ತನಕ ಅದನ್ನು ಕೈಯಲ್ಲಿ ಬರೆಯುತ್ತಿದ್ದವನು ನಾನಾದ್ದರಿಂದ, ಇಂದು ಪರೀಕ್ಷಿಸಿ ಸಲಹೆ ಕೊಡಲು ನನ್ನನ್ನೇ ಕೂರಿಸಿದರು. ಫ್ಲಾಪಿ ಹಿಡಿದು ಮಣಿಪಾಲದಿಂದ ಬಂದ ಪ್ರೋಗ್ರಾಮರ್ ಉದ್ದನೆಯ ಕಾಗದವನ್ನು ಮೇಜಿನ ಮೇಲೆ ಹರಡಿದ.

ನನಗೆ ಕಂಡ ತಪ್ಪು ಒಂದೇ. ಜುಬೇದಾ ಟೀಚರಿಗೆ ಮೂರನೆಯ ಪಿರಿಯಡಿನಲ್ಲಿ ವಾರವಿಡೀ ಪಾಠ ಬಿದ್ದಿತ್ತು. ಅವರ ಅತ್ತೆ ಆ ಹೊತ್ತಿಗೇ ಎಳೆಮಗುವನ್ನು ಹಾಲು ಕುಡಿಸಲು ಶಾಲೆಗೆ ತರುತ್ತಾರೆ. ನನ್ನ ಪಟ್ಟಿಯಲ್ಲಿ ಅದು ಬಿಡುವಾಗಿತ್ತು.

“ಕಂಪ್ಯೂಟರಿಗೆ ಯಾರ ಮುಲಾಜೂ ಇಲ್ಲ ಸರ್. ಎಲ್ಲರೂ ಒಂದೇ,” ಎಂದ ಪ್ರೋಗ್ರಾಮರ್.

“ಹೆಡ್‌ಮಾಸ್ಟರರಿಗೆ ಶನಿವಾರ ಕೊನೆಯ ಪಿರಿಯಡ್ ಖಾಲಿ ಉಂಟಲ್ಲ?”

“ಅವರಿಗೆ ಕಾರ್ಕಳದ ಬಸ್ಸು ಹಿಡಿಯಲಿಕ್ಕುಂಟು ಅಲ್ವಾ? ಅದನ್ನು ಮೊದಲೇ ಹಾಕಿದ್ದೇನೆ.”

“ಹಾಗಾದರೆ ಇದನ್ನೂ ಹಾಕಿ.”

ಪಕ್ಕದಲ್ಲಿದ್ದ ಹೆಡ್‌ಮಾಸ್ಟರರು ನಕ್ಕರು. “ಎಂತ ಮಾರಾಯ್ರೆ, ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳ್ತಾರೆ. ಬಾಟಲಿ ಹಾಲು ಕೊಡಲಿಕ್ಕೆ ಹೇಳಿ.”

ಜುಬೇದಾ ಟೀಚರ್ ಬಾಗಿಲಲ್ಲೇ ನಿಂತಿದ್ದರು. “ಅದು ಬಾಟಲಿ ಮುಟ್ಟುವುದಿಲ್ಲ ಸರ್. ನಾನು ಕೆಲಸ ಬಿಡಬೇಕಾಗ್ತದೆ,” ಎಂದರು.

ಹೆಡ್‌ಮಾಸ್ಟರರು ಪಟ್ಟಿಗೆ ಸಹಿ ಹಾಕಿದರು.

ನಮ್ಮ ಶಾಲೆಯಲ್ಲಿ ಯಾರ ಮುಲಾಜು ಇಟ್ಟುಕೊಳ್ಳಬೇಕು, ಯಾರದ್ದು ಬೇಡ ಎಂಬುದನ್ನು ತಿಳಿಯಲು ಹೊಸ ಅಧ್ಯಾಪಕರಿಗೆ ಒಂದು ವರ್ಷವಾದರೂ ಬೇಕು. ಕಂಪ್ಯೂಟರ್ ಒಂದೇ ದಿನದಲ್ಲಿ ಕಲಿತುಬಿಟ್ಟಿತು.